ಪರದೆಯ ಪಕ್ಕ ನಿಂತು ಹಾಡಿದ ನಾಯಕ: ಟೆನರ್ ಪಾಸ್ಕಲ್ ರೆಬೆಲ್ಲೊ

ಒಪೆರಾ ಎಂಬ ಪಾಶ್ಚಾತ್ಯ ಸಂಗೀತನಾಟಕದಲ್ಲಿ ಗಂಡಸರ ಎತ್ತರದ ಕಂಠವನ್ನು ಟೆನರ್ ಎನ್ನುತ್ತಾರೆ. ಪ್ರೀತಿಸುವವನು, ಮೋಸಹೋಗುವವನು, ಕೊನೆಯ ಅಂಕದಲ್ಲಿ ಸಾಯುವವನು ಸಾಮಾನ್ಯವಾಗಿ ಟೆನರ್. ಅವನ ಹಿಂದೆ ಸೈನಿಕರಾಗಿ, ರೈತರಾಗಿ, ಮದುವೆಗೆ ಬಂದ ನೆಂಟರಾಗಿ ನಿಂತು ಹಾಡುವ ನಲವತ್ತು ಜನರ ಮೇಳವೊಂದಿರುತ್ತದೆ. ಆ ಮೇಳದಲ್ಲೂ ಟೆನರ್‌ಗಳಿರುತ್ತಾರೆ; ಅವರ ಹೆಸರನ್ನು ಯಾರೂ ಕೇಳುವುದಿಲ್ಲ. ಶ್ರೀ ಪಾಸ್ಕಲ್ ರೆಬೆಲ್ಲೊ ಅವರು ಸಿಡ್ನಿಯ ಒಪೆರಾ ಕಂಪನಿಯೊಂದರ ಮೇಳದಲ್ಲಿ ಹದಿನೆಂಟು ವರ್ಷ ಹಾಡಿ, ಐವತ್ತೆಂಟನೆಯ ವಯಸ್ಸಿನಲ್ಲಿ, 2009ರ ಜೂನ್ ತಿಂಗಳಲ್ಲಿ ನಿವೃತ್ತರಾಗಿದ್ದಾರೆ. ಇಷ್ಟು ವರ್ಷಗಳಲ್ಲಿ ಅವರು ನಾಯಕನ ಪಾತ್ರಕ್ಕೆ ಹಾಡಿದ್ದು ಎರಡೇ ಒಪೆರಾಗಳಲ್ಲಿ. ಅವುಗಳಲ್ಲಿ ಒಂದರಲ್ಲಿ ಅವರು ಪ್ರೇಕ್ಷಕರಿಗೆ ಕಾಣಿಸಲೇ ಇಲ್ಲ. ಆ ಎರಡನ್ನೂ ಕೇಳಿದವನಾಗಿ, ಒಂದರ ಕೀರ್ತಿಯನ್ನು ಕೆಡಿಸಿದವನೂ ಆಗಿ, ಈ ಲೇಖನ ಬರೆಯುತ್ತಿದ್ದೇನೆ.

ಪಾಸ್ಕಲ್ ಅವರ ನಿವೃತ್ತಿಗೆಂದು ಇಲ್ಲಿನ ಕನ್ನಡ ಸಂಘ ತರುತ್ತಿರುವ ಈ ಗ್ರಂಥದ ಸಂಪಾದಕರಾದ ಡಾ. ಲಕ್ಷ್ಮೀಶ ಅವರು ಕೆಲ್ಲಿವಿಲ್‌ನ ತಮ್ಮ ಮನೆಗೆ ಕರೆಸಿ, ಕಾಫಿ ಕೊಟ್ಟು, "ನೋಡ್ರೀ, ಇದು ಅಭಿನಂದನ ಗ್ರಂಥ, ರಿವ್ಯೂ ಅಲ್ಲ. ಸ್ವಲ್ಪ ಪಾಸಿಟಿವ್ ಆಗಿ ಬರೀರಿ. ನಿಮ್ಮ ಸ್ಟೈಲ್ ನನಗೆ ಗೊತ್ತು," ಎಂದು ಎಚ್ಚರಿಸಿದ್ದಾರೆ. ಸಂಘದ ಪತ್ರಿಕೆಗೆ ನಾನು ಬರೆಯುವ ವಿಮರ್ಶೆಗಳಿಂದ ಅವರಿಗೆ ಎರಡು ಸಲ ಮುಜುಗರವಾಗಿರುವುದು ನಿಜ. ಆದರೂ ದೋಷಗಳನ್ನು ಮುಚ್ಚಿಟ್ಟು ಹೊಗಳಿದರೆ ಪಾಸ್ಕಲ್ ಅವರೇ ನಂಬುವುದಿಲ್ಲ. ಆದ್ದರಿಂದ ದೋಷಗಳನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಕೆಳಗಿನ ಸ್ವರಗಳು ದುರ್ಬಲ. ಅವರ ಇಟಾಲಿಯನ್ ಉಚ್ಚಾರದಲ್ಲಿ ಮಂಗಳೂರು ಕೊನೆಯವರೆಗೂ ಉಳಿದುಕೊಂಡಿತು. ವೇದಿಕೆಯ ಮೇಲೆ ಎರಡು ಕೈಗಳನ್ನು ಎಲ್ಲಿಡಬೇಕೆಂಬುದು ಅವರಿಗೆ ಹದಿನೆಂಟು ವರ್ಷವೂ ತಿಳಿಯಲಿಲ್ಲ. ರೈತನಾಗಿ ನಿಂತರೂ, ಸೈನಿಕನಾಗಿ ನಿಂತರೂ, ಬಸ್ಸಿಗೆ ಕಾಯುವವರಂತೆ ಕಾಣುತ್ತಿದ್ದರು.

ಮಂಗಳೂರಿನ ಇಗರ್ಜಿಯೊಂದರ ಗಾಯನವೃಂದದಲ್ಲಿ ಹಾಡಲು ಕಲಿತ ಪಾಸ್ಕಲ್ ಅವರು ವೃತ್ತಿಯಿಂದ ಎಕ್ಸ್‌ರೇ ತಂತ್ರಜ್ಞರು. 1984ರಲ್ಲಿ ನರ್ಸ್ ಆಗಿದ್ದ ಪತ್ನಿ ಅಪೊಲೊನಿಯಾ ಅವರೊಂದಿಗೆ ಸಿಡ್ನಿಗೆ ಬಂದು, ಹಗಲು ಆಸ್ಪತ್ರೆಯಲ್ಲಿ ಇತರರ ಮೂಳೆಗಳ ಚಿತ್ರ ತೆಗೆದು, ಸಂಜೆ ವಯಸ್ಸಾದ ಶಿಕ್ಷಕಿಯೊಬ್ಬರ ಬಳಿ ಕಂಠಸಾಧನೆ ಮಾಡಿದರು. ಏಳು ವರ್ಷಗಳ ನಂತರ, ನಲವತ್ತನೆಯ ವಯಸ್ಸಿನಲ್ಲಿ, ಮೇಳಕ್ಕೆ ಆಯ್ಕೆಯಾದರು. ಮುಂದಿನ ಸಾಲಿಗೆ ಬರಬೇಕಾದವರು ಆ ವಯಸ್ಸಿಗೆ ಆಗಲೇ ಬಂದಿರುತ್ತಾರೆ. ಇದು ಅವರಿಗೂ ಗೊತ್ತಿತ್ತು.

ನಾನು ಅವರನ್ನು ಮೊದಲು ಕಂಡದ್ದು 2003ರಲ್ಲಿ. ಆಗ ನಾನು ವಿದ್ಯಾರ್ಥಿ. ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದ್ದೆ. ಸಿಬ್ಬಂದಿಯ ಕ್ಯಾಂಟೀನಿನಲ್ಲಿ ಕೂತು ಊರಿಗೆ ಫೋನ್ ಮಾಡುತ್ತಿದ್ದಾಗ, ಅರ್ಧ ಸೈನಿಕನ ವೇಷದಲ್ಲಿದ್ದ ಒಬ್ಬರು ತಟ್ಟೆ ಹಿಡಿದುಕೊಂಡು ಎದುರಿಗೆ ಬಂದು ಕೂತರು.

"ಎಂತ ಮಾರಾಯ, ಇಷ್ಟು ಜೋರು? ನೀನು ಫೋನ್ ಇಟ್ರೂ ಊರಿಗೆ ಕೇಳ್ತದೆ. ಯಾವ ಊರು?"

"ರಾಣೆಬೆನ್ನೂರು ಸರ್. ಶಿವಲಿಂಗಪ್ಪ ಅಂತ."

"ಸರ್ ಎಲ್ಲ ಬೇಡ. ಭಾನುವಾರ ಮನೆಗೆ ಬಾ. ಮೀನು ತಿಂತೀಯಾ? ಇಲ್ಲದಿದ್ರೆ ಬಟಾಟೆ ಉಂಟು."

ರಂಗಮಂದಿರದಲ್ಲಿ ಎಲ್ಲರೂ ನನ್ನನ್ನು 'ಶಿವ್' ಎಂದು ಕರೆಯುತ್ತಿದ್ದಾಗ ಅವರೊಬ್ಬರು ಪೂರ್ತಿ ಹೆಸರು ಹೇಳುತ್ತಿದ್ದರು. ಹಾಸ್ಟೆಲಿನ ಲೈಬ್ರರಿಯಲ್ಲಿದ್ದ ವಿಶ್ವಕೋಶದ ಅರ್ಧ ಪುಟ ಬಿಟ್ಟರೆ ನನಗೆ ಒಪೆರಾ ಬಗ್ಗೆ ಏನೂ ತಿಳಿದಿರಲಿಲ್ಲ. ಪ್ಯಾರಮಟ್ಟಾದ ಅವರ ಫ್ಲ್ಯಾಟಿನಲ್ಲಿ, ಬಟಾಟೆ ಪಲ್ಯ ತಿಂದ ಎಷ್ಟೋ ಭಾನುವಾರಗಳಲ್ಲಿ, ಅವರು ನನಗೆ ಕೇಳುವುದನ್ನು ಕಲಿಸಿದರು. ಎತ್ತರದ ಸ್ವರಕ್ಕೆ ಚಪ್ಪಾಳೆ ತಟ್ಟಬೇಡ, ಅದಕ್ಕೆ ಮೊದಲು ಅವನು ಉಸಿರು ಎಲ್ಲಿ ತೆಗೆದುಕೊಂಡ ನೋಡು ಎನ್ನುತ್ತಿದ್ದರು. ಇವತ್ತಿಗೂ ನನ್ನ ವಿಮರ್ಶೆಯ ಬಂಡವಾಳ ಅಷ್ಟೇ.

2005ರ ಆಗಸ್ಟಿನಲ್ಲಿ ಮೆಲ್ಬರ್ನಿನ ಒಂದು ಸಣ್ಣ ಕಂಪನಿ ಹೊಸ ಒಪೆರಾ ಒಂದಕ್ಕೆ ಟೆನರ್‌ನನ್ನು ಹುಡುಕುತ್ತಿತ್ತು. ಸಮುದ್ರದಂಚಿನ ದೀಪಸ್ತಂಭವನ್ನು ನೋಡಿಕೊಳ್ಳುವ ಮುದುಕನೇ ಅದರ ನಾಯಕ. ಪಾಸ್ಕಲ್ ಅವರು ರೈಲಿನಲ್ಲಿ ಹೋಗಿ ಹಾಡಿ ತೋರಿಸಿದರು. ನಿರ್ದೇಶಕಿಗೆ ಒಪ್ಪಿಗೆಯಾಯಿತು, ಆದರೆ ಕಂಪನಿಯ ಮಂಡಳಿಯವರು, ನಾಯಕನ ಪಾತ್ರದಲ್ಲಿ ಇವರು ಹಾಡಿದ್ದರ ಬಗ್ಗೆ ಪ್ರಕಟವಾದ ಒಂದಾದರೂ ವಿಮರ್ಶೆಯನ್ನು ಅಕ್ಟೋಬರ್ ಮುಗಿಯುವುದರೊಳಗೆ ಕಳಿಸಬೇಕೆಂದರು. ಐವತ್ತನಾಲ್ಕು ವರ್ಷದ ಪಾಸ್ಕಲ್ ಅವರ ಬಳಿ ಅಂಥದ್ದು ಒಂದೂ ಇರಲಿಲ್ಲ. ಈ ಪಾತ್ರ ತಪ್ಪಿದರೆ ಇನ್ನೊಂದು ಬರುವ ವಯಸ್ಸೂ ಅದಾಗಿರಲಿಲ್ಲ.

ಅವರಿಗಿದ್ದ ಒಂದೇ ದಾರಿ 'ಕವರ್' ಕೆಲಸ. ಮುಖ್ಯ ಗಾಯಕ ಕಾಯಿಲೆ ಬಿದ್ದರೆ ಅವನ ಬದಲು ಹಾಡಲು ಮೇಳದವರೊಬ್ಬರು ಇಡೀ ಪಾತ್ರವನ್ನು ಕಲಿತು ಸಿದ್ಧವಾಗಿರಬೇಕು. ಅವರಿಗೆ ಕವರ್ ಎನ್ನುತ್ತಾರೆ. ನಾಲ್ಕು ವರ್ಷಗಳಲ್ಲಿ ಪಾಸ್ಕಲ್ ಅವರು ಆರು ಪಾತ್ರ ಕಲಿತಿದ್ದರು. ಒಬ್ಬ ಗಾಯಕನಿಗೂ ನೆಗಡಿಯಾಗಿರಲಿಲ್ಲ. ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಒಂದು ಗಂಟೆಯ ಪ್ರದರ್ಶನದ ದಿನ, ಯುರೋಪಿನಿಂದ ಬಂದಿದ್ದ ಅತಿಥಿ ಟೆನರ್‌ನ ಗಂಟಲು ಬೆಳಿಗ್ಗೆ ಕಟ್ಟಿಹೋಯಿತು. ಪಾಸ್ಕಲ್ ಅವರಿಗೆ ಕರೆ ಬಂತು. ಆದರೆ ಆ ವಾರವೇ ತಾಲೀಮಿನಲ್ಲಿ ಮೊಣಕಾಲು ಉಳುಕಿಸಿಕೊಂಡಿದ್ದ ಅವರು ರಂಗದ ಮೇಲಿನ ಮೂವತ್ತು ಮೆಟ್ಟಿಲು ಹತ್ತುವಂತಿರಲಿಲ್ಲ. ಇಂಥ ಸಂದರ್ಭಕ್ಕೆ ಒಪೆರಾದವರಲ್ಲಿ ಹಳೆಯ ಪದ್ಧತಿಯೊಂದಿದೆ. ಅತಿಥಿ ಟೆನರ್ ವೇಷ ಹಾಕಿ ಬಾಯಿ ಆಡಿಸಿದ. ಪಾಸ್ಕಲ್ ಅವರು ಪರದೆಯ ಪಕ್ಕದ ಕತ್ತಲಲ್ಲಿ, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತು, ಹಾಡಿದರು.

ಪ್ರದರ್ಶನಕ್ಕೆ ಮೊದಲು ಇದನ್ನು ಮೈಕಿನಲ್ಲಿ ಪ್ರಕಟಿಸಲಾಯಿತು. ಜೊತೆಗೆ, ಗಾಯಕ ಬದಲಾದರೆ ಒಂದು ಹಳದಿ ಚೀಟಿ ಅಚ್ಚು ಹಾಕಿ ಪ್ರತಿಯೊಂದು ಕಾರ್ಯಕ್ರಮ ಪುಸ್ತಿಕೆಯಲ್ಲೂ ಇಡುವುದು ನಿಯಮ. ಇಡುವ ಕೆಲಸ ನನ್ನದು. ಬಾಗಿಲ ಬಳಿಯ ಪುಸ್ತಿಕೆಗಳಲ್ಲೆಲ್ಲ ಇಟ್ಟೆ. ಪತ್ರಿಕೆಯವರಿಗೆಂದು ಹಿಂದಿನ ದಿನವೇ ಮುಚ್ಚಿಟ್ಟಿದ್ದ ಎಂಟು ಲಕೋಟೆಗಳು ಡ್ರಾಯರಿನಲ್ಲಿದ್ದವು. ಅವನ್ನು ಮತ್ತೆ ಬಿಚ್ಚಬೇಕೆಂದು ನನಗೆ ತೋಚಲಿಲ್ಲ. ವಾರಾಂತ್ಯದ ಹಳಿ ರಿಪೇರಿಯಿಂದ ರೈಲು ತಡವಾಗಿ, ನಗರದ ದೊಡ್ಡ ಪತ್ರಿಕೆಯೊಂದರ ವಿಮರ್ಶಕರು ಹದಿನೈದು ನಿಮಿಷ ಕಳೆದು ಓಡಿಬಂದರು. ಮೈಕಿನ ಪ್ರಕಟಣೆ ಅವರಿಗೆ ಸಿಕ್ಕಿರಲಿಲ್ಲ. ಲಕೋಟೆ ಕೊಟ್ಟು ಅವರನ್ನು ಆಸನದವರೆಗೆ ಕರೆದುಕೊಂಡು ಹೋದವನು ನಾನೇ. ಬಾಯಲ್ಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಆ ಮಧ್ಯಾಹ್ನ ಪಾಸ್ಕಲ್ ಅವರು ಹಾಡಿದ್ದು ಅವರ ಜೀವಮಾನದ ಅತ್ಯುತ್ತಮ ಗಾಯನ. ಮೊದಲ ಅಂಕದಲ್ಲಿ ಧ್ವನಿ ಸ್ವಲ್ಪ ಬಿಗಿಯಾಗಿತ್ತು. ಎರಡನೆಯ ಅಂಕದಲ್ಲಿ, ನಾಯಕನಿಗೆ ಹೆಂಡತಿಯ ಸಾವಿನ ಸುದ್ದಿ ಬಂದ ಮೇಲಿನ ಹಾಡಿನಲ್ಲಿ, ಅವರು ಎತ್ತರದ ಸ್ವರವನ್ನು ಎಳೆದು ನಿಲ್ಲಿಸದೆ ಅರ್ಧಕ್ಕೇ ಇಳಿಸಿಬಿಟ್ಟರು. ಚಪ್ಪಾಳೆ ಬರುವ ಜಾಗ ಅದು. ಯಾರೂ ತಟ್ಟಲಿಲ್ಲ, ತಟ್ಟಲು ಕೈ ಬರಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ.

ಸೋಮವಾರ ವಿಮರ್ಶೆ ಬಂತು. "ದುಃಖವನ್ನು ಈತ ಪ್ರದರ್ಶಿಸುವುದಿಲ್ಲ, ತಡೆದುಕೊಳ್ಳುತ್ತಾನೆ; ಇಷ್ಟು ಪ್ರಾಮಾಣಿಕವಾದ ಟೆನರ್ ಧ್ವನಿಯನ್ನು ಈ ನಗರ ಹತ್ತು ವರ್ಷಗಳಿಂದ ಕೇಳಿಲ್ಲ," ಎಂದಿತ್ತು. ಅದರ ಕೆಳಗೆ, "ನಟನೆಯಲ್ಲಿ ಮಾತ್ರ ಆತನ ದೇಹ ಧ್ವನಿಗಿಂತ ಅರೆಕ್ಷಣ ಹಿಂದಿತ್ತು," ಎಂದೂ ಇತ್ತು. ಹೊಗಳಿಕೆಯೂ ದೂರೂ ಎರಡೂ ನಿಖರ. ಹೆಸರು ಮಾತ್ರ ಅತಿಥಿ ಟೆನರ್‌ನದು.

"ಪೇಪರಿಗೆ ಒಂದು ಲೆಟರ್ ಬರೀರಿ ಅಂಕಲ್," ಎಂದೆ. "ಬರೆಯುವ, ಬರೆಯುವ," ಎಂದರು. ಮೂರು ವಾರ ಕಳೆಯಿತು. ಅಕ್ಟೋಬರ್ ಅರ್ಧ ಮುಗಿಯಿತು. ಒಂದು ಭಾನುವಾರ ಊಟದ ಮೇಜಿನ ಮುಂದೆ ನನಗೆ ಸಿಟ್ಟು ಬಂತು.

"ನಿಮಗ ಧೈರ್ಯ ಇಲ್ಲ ಅಂಕಲ್. ಅದಕ್ಕ ಇಷ್ಟು ವರ್ಷ ಹಿಂದಿನ ಸಾಲಿನಾಗ ನಿಂತೀರಿ."

ಪಾಸ್ಕಲ್ ಅವರು ಮೀನಿನ ಮುಳ್ಳು ಬಿಡಿಸುತ್ತಿದ್ದರು. ಅಪೊಲೊನಿಯಾ ಆಂಟಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದರು.

"ಧೈರ್ಯ ಯಾರಿಗೆ ಇಲ್ಲದ್ದು? ಇವರು ಕಾಗದ ಬರೆದ್ರೆ ಆಫೀಸಿನವರು ಮೊದಲು ಕೇಳುವುದೆಂತ? ಚೀಟಿ ಹಾಕದ್ದು ಯಾರು ಅಂತ. ಉಳಿದ ಲಕೋಟೆ ಡ್ರಾಯರಿನಲ್ಲಿ ಇವರೇ ಬಿಚ್ಚಿ ನೋಡಿದ್ದಾರೆ. ನಿನಗೆ ಲೇಟ್ ಬಂದದ್ದಕ್ಕೆ ಎರಡು ವಾರ್ನಿಂಗ್ ಆಗಿದೆಯಲ್ಲ? ಮೂರನೇದು ಆದ್ರೆ ಎಂತ ತಿಂತೀ, ನಿನ್ನ ಪುಸ್ತಕವಾ?"

ಪಾಸ್ಕಲ್ ಅವರು ಕೊಂಕಣಿಯಲ್ಲಿ ಅವರನ್ನು ಗದರಿದರು. ಆಮೇಲೆ ನನ್ನ ಕಡೆ ತಿರುಗಿ, "ಪಲ್ಯ ಹಾಕಿಕೋ," ಎಂದರು.

ಇದನ್ನು ತ್ಯಾಗ ಎಂದು ಕರೆಯಲು ನನಗೆ ಇಷ್ಟವಿಲ್ಲ. ಅದು ತಪ್ಪು ಲೆಕ್ಕಾಚಾರ. ನನಗೆ ಬೇರೆ ಪಾರ್ಟ್‌ಟೈಮ್ ಕೆಲಸ ಸಿಗುತ್ತಿತ್ತು, ಅವರಿಗೆ ಬೇರೆ ಪಾತ್ರ ಸಿಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ರಂಗಮಂದಿರದ ಮ್ಯಾನೇಜರ್ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಆಕೆ ನ್ಯಾಯವಾದ ಹೆಂಗಸು. ನನ್ನನ್ನು ಕೆಲಸದಿಂದ ತೆಗೆದರು. ಆ ದಿನ ಕೇಳಿದ ಧ್ವನಿ ಪಾಸ್ಕಲ್ ರೆಬೆಲ್ಲೊ ಅವರದೆಂದು ಕಂಪನಿಯ ಕಾಗದದ ಮೇಲೆ ಬರೆದು ಸಹಿ ಹಾಕಿಯೂ ಕೊಟ್ಟರು. ಪತ್ರಿಕೆಗೆ ನಾನು ಬರೆದ ಕಾಗದಕ್ಕೆ, ಗಮನಿಸಿದ್ದೇವೆ ಎಂಬ ಒಂದು ಸಾಲಿನ ಉತ್ತರ ಬಂತು. ತಿದ್ದುಪಡಿ ಅಚ್ಚಾಗಲಿಲ್ಲ.

"ಯಾರು ಹೇಳಿದ್ದು ನಿನಗೆ ಹೋಗ್ಲಿಕ್ಕೆ?" ಎಂದು ಪಾಸ್ಕಲ್ ಅವರು ನನ್ನ ಮೇಲೆ ರೇಗಿದ್ದು ಅದೊಂದೇ ಸಲ. ರೇಗಿ ಮುಗಿದ ಮೇಲೆ ವಿಮರ್ಶೆಯ ತುಣುಕು, ಹಳದಿ ಚೀಟಿ, ಮ್ಯಾನೇಜರ್ ಕೊಟ್ಟ ಕಾಗದ ಮೂರನ್ನೂ ಹಳೆಯ ಎಕ್ಸ್‌ರೇ ಲಕೋಟೆಯಲ್ಲಿ ಹಾಕಿ ಮೆಲ್ಬರ್ನಿಗೆ ಅಂಚೆ ಮಾಡಿದರು. ಮುಂದಿನ ಮೂರು ತಿಂಗಳು, ನನಗೆ ಬೇರೆ ಕೆಲಸ ಸಿಗುವವರೆಗೆ, ನನ್ನ ಊಟ ಅವರ ಮನೆಯಲ್ಲೇ ಆಯಿತು. ಆಂಟಿ ಒಂದು ದಿನವೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ದೀಪಸ್ತಂಭದ ಒಪೆರಾ 2006ರ ಮೇ ತಿಂಗಳಲ್ಲಿ, ಮೆಲ್ಬರ್ನಿನ ಹಳೆಯ ಉಣ್ಣೆ ಗೋದಾಮಿನಲ್ಲಿ ನಾಲ್ಕು ಪ್ರದರ್ಶನ ಕಂಡಿತು. ನಾಲ್ಕನ್ನೂ ನೋಡಿದೆ. ಮೊದಲನೆಯದರ ನಡುಭಾಗ ನೀರಸವಾಗಿತ್ತು ಎಂದು ಅವರಿಗೆ ಹೇಳಿದ್ದೆ, ಇಲ್ಲಿಯೂ ಹೇಳುತ್ತೇನೆ. ಆದರೆ ನಿರ್ದೇಶಕಿ ಜಾಣೆ. ಪಾಸ್ಕಲ್ ಅವರ ಒಂದು ಕೈಗೆ ಲಾಂದ್ರ, ಇನ್ನೊಂದಕ್ಕೆ ಹಗ್ಗ ಕೊಟ್ಟಿದ್ದರು. ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಎರಡು ಕೈಗಳಿಗೂ ಕೆಲಸವಿತ್ತು. ನೋಡುವವರು ಕೈ ಮರೆತು ಕಂಠ ಕೇಳಿದರು. ಮುಳುಗುತ್ತಿರುವ ಹಡಗಿಗೆ ದೀಪ ತೋರಿಸುತ್ತ ಮುದುಕ ಹಾಡುವ ಕೊನೆಯ ಹಾಡಿನಲ್ಲಿ, ಅವರು ಮೂರು ಸಾಲುಗಳನ್ನು ಒಂದೇ ಉಸಿರಿನಲ್ಲಿ, ಕೂಗದೆ, ಪಕ್ಕದವನಿಗೆ ಹೇಳುವಷ್ಟೇ ಮೆಲ್ಲಗೆ ದಾಟಿಸಿದರು. ಗೋದಾಮಿನ ಕಟ್ಟಕಡೆಯ ಬೆಂಚಿಗೂ ಅದು ಕೇಳಿಸಿತು. ಅಲ್ಲಿನ ಎರಡು ಪತ್ರಿಕೆಗಳು ಬರೆದವು. ಒಂದು, "ಪಾಸ್ಕಲ್ ರೆಬೆಲ್ಲೊ ಇಷ್ಟು ವರ್ಷ ಎಲ್ಲಿದ್ದರು?" ಎಂದು ಕೇಳಿತ್ತು. ಹಿಂದಿನ ಸಾಲಿನಲ್ಲಿದ್ದರು. ಮುಂದಿನ ವಾರ ಅವರು ಸಿಡ್ನಿಗೆ ಮರಳಿ ಅಲ್ಲಿಯೇ ನಿಂತು ಮತ್ತೆ ಮೂರು ವರ್ಷ ಹಾಡಿದರು.

ಈಗ ಅವರು ಪ್ಯಾರಮಟ್ಟಾದಲ್ಲಿ ಶನಿವಾರಗಳಂದು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಾರೆ. ಕನ್ನಡದಲ್ಲಿ ಗದರಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದಂತೆ. ಟೆನರ್ ಕಂಠಕ್ಕೆ ನೂರು ವರ್ಷ ಆಯುಸ್ಸಿಲ್ಲ ಎಂದು ಅವರೇ ಹೇಳುತ್ತಾರೆ, ಆದ್ದರಿಂದ ಕಂಠಕ್ಕೆ ನಾನು ಏನನ್ನೂ ಹಾರೈಸುವುದಿಲ್ಲ. ಆ ಮನುಷ್ಯ ಮಾತ್ರ, ಆಂಟಿಯ ಬೈಗುಳ ಕೇಳುತ್ತ, ಮಕ್ಕಳು ಉಸಿರು ತಪ್ಪಿಸಿದಲ್ಲಿ ಮೇಜು ಕುಟ್ಟುತ್ತ, ಬಹುಕಾಲ ಆರೋಗ್ಯವಾಗಿರಲಿ. ಕಲಿಸುವ ಕೆಲಸ ನಿಲ್ಲದಿರಲಿ.

ಕೊನೆಯ ಮಾತು. ಈ ಪುಟಗಳ ನಡುವೆ ನಿಮಗೆ ಒಂದು ಹಳದಿ ಚೀಟಿ ಸಿಕ್ಕಿರಬೇಕು. "ಬೈಂಡಿಂಗ್‌ನಲ್ಲೇ ಸೇರಿಸಿಬಿಡೋಣ ಕಣ್ರೀ, ಯಾಕೆ ಸುಮ್ಮನೆ," ಎಂದು ಲಕ್ಷ್ಮೀಶ ಅವರು ಹೇಳಿದರು. ನಾನು ಒಪ್ಪಲಿಲ್ಲ. ಅಚ್ಚಾದ ಮೇಲೆ ಮುನ್ನೂರು ಪ್ರತಿಗಳನ್ನೂ ನನ್ನ ಮನೆಗೆ ತರಿಸಿಕೊಂಡು, ನಾನೇ ಕೈಯಾರೆ ಒಂದೊಂದರಲ್ಲೂ ಇಡುತ್ತೇನೆ. ಒಂದು ಪ್ರತಿ ಆ ವಿಮರ್ಶಕರ ವಿಳಾಸಕ್ಕೆ ಹೋಗುತ್ತದೆ. ಅವರಿಗೆ ಕನ್ನಡ ಬರುವುದಿಲ್ಲ, ಚೀಟಿ ಇಂಗ್ಲಿಷಿನಲ್ಲಿದೆ. ಆ ಲಕೋಟೆಯನ್ನು ಅಂಟಿಸಿದ ಮೇಲೆ ಮತ್ತೊಮ್ಮೆ ಬಿಚ್ಚಿ ನೋಡುತ್ತೇನೆ. ಚೀಟಿ ಒಳಗಿರುತ್ತದೆ. ಅದರಲ್ಲಿ ಇರುವುದು ಇಷ್ಟೇ:

ಇಂದಿನ ಪ್ರದರ್ಶನದಲ್ಲಿ ನಾಯಕನ ಪಾತ್ರಕ್ಕೆ ಹಾಡುವವರು, ಪಾಸ್ಕಲ್ ರೆಬೆಲ್ಲೊ.