ಹಿಂದಕ್ಕೆ ಹರಿದ ಚರಂಡಿ

ಶಾಲೆಯ ಮಕ್ಕಳಿಗೆ ಇಂಜಿನಿಯರಾಗುವ ಆಸೆ ಹುಟ್ಟಿಸಲು ನಾವು ಇಂಜಿನಿಯರುಗಳು ನಮ್ಮ ಕತೆಯನ್ನು ವಿಡಿಯೊ ಮಾಡಬೇಕಿತ್ತು. ರಾಣೆಬೆನ್ನೂರಿನ ಶಿಬಿರದಲ್ಲಿ ಅದನ್ನು ಕಲಿಸಿದವರು ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರೊಬ್ಬರು. ಹೆಡ್‌ಫೋನನ್ನು ಒಂದೇ ಕಿವಿಗೊತ್ತಿ, ಕಣ್ಣುಮುಚ್ಚಿ ಕೇಳಿ, ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಛಲೋ ಐತ್ರಿ. ಖರೇ ಮಾತ ಯಾವಾಗ ಹೇಳ್ತೀರಿ?"

ನನ್ನ ವಿಡಿಯೊದಲ್ಲಿ ನಾನು ಕಟ್ಟಿಸಿದ ಸೇತುವೆಗಿಂತ ಹಾರ, ಶಾಲು, ನಾನೇ ಹೆಚ್ಚಿದ್ದೆವು. ನಾಲ್ಕನೇ ಸಲ ಆ ಮಾತು ಕೇಳಿದಾಗ ಸಿಟ್ಟು ಬಂತು. ಬ್ಯಾಡಗಿಯಲ್ಲಿ ನಾನು ಕಟ್ಟಿಸಿದ ಮೊದಲ ಚರಂಡಿಯ ನೀರು ಹಿಂದಕ್ಕೆ ಹರಿದು ಮೆಣಸಿನಕಾಯಿ ಅಂಗಡಿಗೆ ನುಗ್ಗಿದ್ದನ್ನು ಒದರಿಬಿಟ್ಟೆ. ಮೈಕು ಚಾಲೂ ಇತ್ತು.

ಅದನ್ನೂ ಸೇರಿಸಿದ ವಿಡಿಯೊ ಮೋಟೆಬೆನ್ನೂರಿನ ಶಾಲೆಯಲ್ಲಿ ತೋರಿಸಿದಾಗ ಮಕ್ಕಳು ಸೇತುವೆಗೆ ಆಕಳಿಸಿದರು, ಚರಂಡಿಗೆ ಬಿದ್ದುಬಿದ್ದು ನಕ್ಕರು. ಹುಡುಗಿಯೊಬ್ಬಳು ಎದ್ದಳು: "ಇವ್ರೂ ಇಂಜಿನಿಯರ್ ಆಗ್ಯಾರಂದ್ರ ನಾನೂ ಆಗ್ತೇನ್ರಿ!"

ವಿಡಿಯೊ ಹಾಕಲು ಬಂದಿದ್ದ ಸ್ಟುಡಿಯೊದವರು ನನ್ನತ್ತ ತಿರುಗಿ "ಛಲೋ ಐತ್ರಿ" ಎಂದರು. ಅಷ್ಟಕ್ಕೇ ನಿಲ್ಲಿಸಿದರು.