ಹತ್ತು ಸಾಲು ಲ್ಯಾಟಿನ್‌ಗೆ ಕಟ್ಟಿದ ಬಾಜಿ

ಗೆಳೆಯರೇ, ಚಾಮರಾಜನಗರದಿಂದ ಊಟಿಯವರೆಗೆ ಲ್ಯಾಟಿನ್ ಸಾಹಿತ್ಯ ಅರೆದು ಕುಡಿದವನು ನಾನೊಬ್ಬನೇ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಂತಿದ್ದು ಬೇರೆ ಮಾತು.

ನಿಜಕ್ಕೂ ಓದ್ತಿರೋಳು ನಮ್ಮಕ್ಕನ ಮಗಳು ಸಿಂಧು, ಊಟಿಯ ದೊಡ್ಡ ಶಾಲೆಯಲ್ಲಿ ಹನ್ನೆರಡನೇ ಕ್ಲಾಸು. ರಜಕ್ಕೆ ಬಂದವಳನ್ನ ಇವತ್ತು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿಂದ ಸೀದಾ ಟೀ ಅಂಗಡಿಗೆ ಕರೆದೊಯ್ದೆ. ಅಲ್ಲಿ ಅರಿಶಿನ ಬೆಳೆಯೋ, ಹರವೆ ಊರಿನ ಮಾದಪ್ಪ ಕೂತಿದ್ದ. ನಮ್ಮ ಹುಡುಗಿ ಲ್ಯಾಟಿನ್ ಓದ್ತಾಳೆ ಅಂತ ಕೊಚ್ಚಿಕೊಂಡೆ.

"ಲ್ಯಾಟಿನ್ನಂತೆ! ಹತ್ತು ಸಾಲು ಬಾಯಲ್ಲಿ ಹೇಳ್ಸ್ಲಾ, ನೋಡನ," ಅಂದ.

ಓದು ಅಂದ್ರೆ ಬಾಯಿಪಾಠ ತಾನೇ? ಮಗ್ಗಿಯಿಂದ ಪದ್ಯದವರೆಗೆ ನಾವು ಹಾಗೇ ಕಲಿತವರು. ತಕ್ಷಣ ಬಾಜಿ ಕಟ್ಬುಟ್ಟೆ.

ಸಿಂಧು ನಕ್ಕಳು. "ಮಾವ, ನಮಗೆ ಬಾಯಿಪಾಠ ಮಾಡ್ಸಲ್ಲ. ಪುಸ್ತಕ ಇಟ್ಕೊಂಡು, ಇದರರ್ಥ ಏನು ಅಂತ ಜಗಳ ಆಡಿಸ್ತಾರೆ."

ಸೋತೆ. ಮಾದಪ್ಪ ಕೈ ಚಾಚಿದ. ಅಷ್ಟರಲ್ಲಿ ಅವಳು ಬ್ಯಾಗಿಂದ ಪುಸ್ತಕ ತೆಗೆದು, ಒಂದೊಂದೇ ಸಾಲು ಲ್ಯಾಟಿನ್ನಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದಳು. ಎರಡು ಸಾವಿರ ವರ್ಷದ ಹಿಂದಿನ ಕವಿ, ಯಾವ ನಕ್ಷತ್ರ ನೋಡಿ ಏನು ಬಿತ್ತಬೇಕು ಅಂತ ರೈತನಿಗೆ ಹೇಳ್ತಾ ಇದ್ದಾನೆ!

ಮಾದಪ್ಪನ ಟೀ ಆರಿಹೋಯ್ತು. "ಇವ್ನು ನಮ್ಮ ಪೈಕಿನೇ ಕಣಮ್ಮಿ! ಆದ್ರೆ ಭರಣಿ ಮಳೆ ವಿಚಾರ ಇವ್ನಿಗೆ ಗೊತ್ತಿಲ್ಲ," ಅಂತ ಅರ್ಧ ಗಂಟೆ ವಾದ ಮಾಡಿದ. ಅವಳು ಅವನ ಮಾತನ್ನೆಲ್ಲ ಪುಸ್ತಕದ ಅಂಚಲ್ಲಿ ಬರೆದುಕೊಂಡಳು. "ಕ್ಲಾಸಲ್ಲಿ ಜಗಳ ಆಡೋಕೆ ಬೇಕು," ಅಂದಳು. ನನ್ನ ಎದೆ ಎರಡು ಗೇಣು ಉಬ್ಬಿತು.

ಬಾಜಿ ದುಡ್ಡು ಮಾತ್ರ ಮಾದಪ್ಪ ಬುಡಲಿಲ್ಲ. ಮನೇಲಿ ಐವತ್ತು ಅಂದಿದ್ದೀನಿ. ನನ್ನ ಹೆಂಡತಿ ಫೇಸ್‌ಬುಕ್ಕಲ್ಲಿ ಇಲ್ಲ, ಅದಕ್ಕೆ ನಿಮಗೆ ಹೇಳ್ತೀನಿ: ಐನೂರು.