ಅಪ್ಪ ಕೇಳಿದ್ದು ನಿನ್ನನ್ನು

ಜಯಾ, ಅಪ್ಪ ಕಡೆಯ ದಿನ ನಿನ್ನನ್ನು ಕರೆದಿದ್ದರು. ನಾನು ನಿನಗೆ ಸುಳ್ಳು ಹೇಳಿದೆ.

ಇಷ್ಟು ಹೇಳಲಿಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಮೂಡುಬಿದಿರೆಯ ಅಂಗಡಿಯಲ್ಲಿ ಮೆಷಿನ್ ತುಳಿಯುತ್ತಲೇ ಬಂದವರೊಡನೆಲ್ಲ ಪಟಪಟ ಮಾತಾಡುವವಳು ನಾನು. ರವಿಕೆಯ ತೋಳು ಬಿಗಿಯಾಯಿತೆಂದು ಯಾರಾದರೂ ಜಗಳಕ್ಕೆ ಬಂದರೆ, ನೀವೇ ದಪ್ಪವಾದದ್ದು ಎಂದು ಸಾಧಿಸಿ ಕಳಿಸುವವಳು. ನಿನ್ನ ಅಕ್ಕನ ಬಾಯಿ ನಿನಗೆ ಗೊತ್ತುಂಟಲ್ಲ. ಆ ಬಾಯಿಗೆ ಈ ಒಂದು ಮಾತು ಬರಲಿಲ್ಲ. ಬರಲಿಲ್ಲ ಎನ್ನುವುದೂ ಸುಳ್ಳೇ — ಬಂದದ್ದನ್ನು ಪ್ರತಿಸಲವೂ ನುಂಗಿದೆ.

ನಮ್ಮಿಬ್ಬರ ಸುದ್ದಿ ಬಂದಾಗ ಊರವರು, ಪಾಪ, ಆ ಸಭೆಯವರು ಮರುಳು ಮಾಡಿದರು ಎನ್ನುತ್ತಾರೆ. ನಿನ್ನ ಮಟ್ಟಿಗೆ ಅದು ನಿಜ. ನಾನು ಮಾತ್ರ ಆ 'ಪಾಪ' ಎಂಬ ಮಾತಿನ ಮರೆಯಲ್ಲಿ ಹಾಯಾಗಿ ನಿಂತುಬಿಟ್ಟೆ.

ನಿನ್ನನ್ನು ಆ ಸಭೆಗೆ ಕರೆದುಕೊಂಡು ಹೋದವಳೂ ನಾನೇ. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮವರೆಲ್ಲ ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು, ಹತ್ತಿರ ಕೂತು ಮಾತಾಡಿಸುತ್ತಿರಲಿಲ್ಲ. ಪುತ್ತಿಗೆಗೆ ಹೋಗುವ ದಾರಿಯ ಆ ಬಾಡಿಗೆ ಕಟ್ಟಡದಲ್ಲಿ ಸಭೆಯವರು ಕೂರಿಸಿ ಮಾತಾಡಿಸಿದರು. ಭಜನೆ, ಧ್ಯಾನ, ಆಮೇಲೆ ಒಟ್ಟಿಗೆ ಗಂಜಿ ಊಟ. ಮುಖ್ಯಸ್ಥರ ಹೆಸರು ಹೇಳಬಾರದಿತ್ತು, 'ದೊಡ್ಡವರು' ಎನ್ನಬೇಕಿತ್ತು. ಸರಿ, ಅದರಲ್ಲೇನು ಎಂದುಕೊಂಡೆ. ಆಮೇಲೆ ನಿಯಮಗಳು ಬಂದವು. ಮನೆಯ ದೈವದ ಕೋಲಕ್ಕೆ ಹೋಗಬಾರದು. ಸಭೆಯವರಲ್ಲದವರು ಬೇಯಿಸಿದ ಅನ್ನ ಮುಟ್ಟಬಾರದು. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವುದು ಹೊಲಸು ಕೆಲಸ. ರವಿಕೆಯನ್ನು ಒಂದೊಂದೇ ಹೊಲಿಗೆ ಹಾಕಿ ಬಿಗಿ ಮಾಡಿದ ಹಾಗೆ — ಉಸಿರು ಕಟ್ಟುವವರೆಗೆ ಗೊತ್ತೇ ಆಗುವುದಿಲ್ಲ.

ಹೊಸಬರನ್ನು ಕರೆತಂದವರಿಗೆ ಅಲ್ಲಿ ಮುಂದಿನ ಸಾಲು. ನಾನು ನಿನ್ನನ್ನು ಕರೆತಂದೆ, ಮುಂದೆ ಕೂತೆ.

ಬೆಳುವಾಯಿಯಿಂದ ಬರುತ್ತಿದ್ದ ಲಲಿತಕ್ಕನ ನೆನಪು ಉಂಟಲ್ಲ? ದೊಡ್ಡವರು ತಮ್ಮ ತಾಯಿ ತೀರಿಕೊಂಡಾಗ ಊರಿಗೆ ಹೋಗಿದ್ದರಂತೆ, ನಮ್ಮವರು ತೀರಿಕೊಂಡರೆ ನಾವು ಯಾಕೆ ಹೋಗಬಾರದು ಎಂದು ಅವರು ಒಂದು ದಿನ ಕೇಳಿದರು, ಅಷ್ಟೆ. ಮುಂದಿನ ಸಭೆ ಮುಗಿದಾಗ ಅವರ ಚಪ್ಪಲಿ ಮೆಟ್ಟಿಲಿನಲ್ಲಿ ಇರಲಿಲ್ಲ, ರಸ್ತೆಯ ಬದಿಯಲ್ಲಿತ್ತು. ಆಮೇಲೊಮ್ಮೆ ಬಸ್ಸಿನಲ್ಲಿ ಅವರು ಸಿಕ್ಕಾಗ ನೀನು ನಕ್ಕೆ. ನಾನು ನಿನ್ನ ತೋಳು ಚಿವುಟಿದೆ.

ಮೊನ್ನೆ ಅಳದಂಗಡಿಯ ಅಪ್ಪನ ಮನೆಗೆ ಹೋಗಿದ್ದೆ. ಅಣ್ಣನ ಮಗಳು ಈಗ ಕಾಲೇಜು, ನಾಲಿಗೆ ನನ್ನದೇ. ಅಂಗಳದಲ್ಲಿ ಕೂತು ಕೇಳಿದಳು: "ಅತ್ತೆ, ಆ ಸಭೆಗೂ ನಮ್ಮ ದೈವಕ್ಕೂ ವ್ಯತ್ಯಾಸ ಎಂತದ್ದು? ಅಲ್ಲಿಯೂ ಹೆದರಿಕೆ, ಇಲ್ಲಿಯೂ ಹೆದರಿಕೆ ಅಲ್ವಾ?"

ನಾನು ದೊಡ್ಡ ಬುದ್ಧಿವಂತಳ ಹಾಗೆ ಅಮ್ಮ ತೀರಿಕೊಂಡ ವರ್ಷದ ಕೋಲದ ಕಥೆ ಹೇಳಿದೆ. ನೀನು ಆಗ ಸಣ್ಣವಳು, ನನ್ನ ಮಡಿಲಲ್ಲಿ ತೂಕಡಿಸುತ್ತಿದ್ದೆ. ವೇಷ ಕಟ್ಟಿದವರ ಮೈಯೇರಿದ ದೈವ ನುಡಿ ಕೊಡಲು ಅಪ್ಪನ ಎದುರು ಬಂದು ನಿಂತಿತು. ಅಪ್ಪ ಕೈ ಮುಗಿದೇ ಇದ್ದರು, ಆದರೆ ದನಿ ಏರಿಸಿದರು — ಕಾಲಕಾಲಕ್ಕೆ ಕೊಡಬೇಕಾದ್ದನ್ನೆಲ್ಲ ಕೊಟ್ಟಿದ್ದೇನೆ, ನೀನು ಕಾಯುತ್ತೇನೆ ಎಂದದ್ದು ಎಲ್ಲಿ ಹೋಯಿತು, ಈ ಮಕ್ಕಳಿಗೆ ನಾನು ಏನು ಹೇಳಲಿ ಎಂದು. ಊರಿಡೀ ಕೇಳುತ್ತಿತ್ತು. ದೈವ ಅಪ್ಪನ ಹೆಗಲಿಗೆ ಕೈ ಹಾಕಿ, ನಿನ್ನ ಸಿಟ್ಟು ನನ್ನ ಮೇಲೆಯೇ ಇರಲಿ, ಮಕ್ಕಳ ಮೇಲೆ ಬೇಡ ಎಂದಿತು. ಅಪ್ಪನನ್ನು ಯಾರೂ ಹೊರಗೆ ಹಾಕಲಿಲ್ಲ. ಮರುವರ್ಷವೂ ಅವರೇ ಅಂಗಳ ಗುಡಿಸಿದರು.

ನಮ್ಮ ಅಂಗಳ ಬಹಳ ಚೊಕ್ಕ ಎಂದು ನಾನು ಹೇಳುವುದಿಲ್ಲ. ಅಲ್ಲಿಯೂ ಕೆಲವರನ್ನು ಜಾತಿ ನೋಡಿ ದೂರ ನಿಲ್ಲಿಸುತ್ತಿದ್ದರು, ಈಗಲೂ ನಿಲ್ಲಿಸುತ್ತಾರೆ. ಆದರೆ ಅಲ್ಲಿ ಕೇಳಲಿಕ್ಕೆ ಉಂಟು, ಬೈಯಲಿಕ್ಕೆ ಉಂಟು, ಬೈದು ಮನೆಗೆ ಹೋಗಿ ಮತ್ತೆ ಬರಲಿಕ್ಕೂ ಉಂಟು. ಸಭೆಯಲ್ಲಿ ಕೇಳಿದವರ ಚಪ್ಪಲಿ ರಸ್ತೆಗೆ. ಅಷ್ಟೇ ಮಾರಾಯ್ತಿ ವ್ಯತ್ಯಾಸ ಎಂದೆ.

ಹುಡುಗಿ ನನ್ನ ಮುಖ ನೋಡಿದಳು. "ಹಾಗಾದ್ರೆ ನಿಮಗೆ ಮೊದಲೇ ಗೊತ್ತಿತ್ತು."

ನಾನು ಎದ್ದು ಒಳಗೆ ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಅವಸ್ಥೆ. ಗೊತ್ತಿತ್ತು, ಜಯಾ. ಲಲಿತಕ್ಕನ ಚಪ್ಪಲಿ ನೋಡಿದ ದಿನವೇ ನನಗೆ ಅಪ್ಪನ ಆ ಕೋಲ ನೆನಪಾಗಿತ್ತು. ಗೊತ್ತಿದ್ದೂ ಮುಂದಿನ ಸಾಲಿನಲ್ಲಿ ಕೂತೆ.

ಈಗ ಅಪ್ಪನ ಆ ಕಡೆಯ ದಿನಕ್ಕೆ ಬರುತ್ತೇನೆ. ಅದಕ್ಕಿಂತ ಮೊದಲು ನೀನು ಮನೆಗೆ ಹೋಗಿದ್ದಾಗ ಅಪ್ಪ ನಿನಗೆಂದು ಒಣಮೀನಿನ ಚಟ್ನಿ ಮಾಡಿಸಿ ಊಟದ ಬಟ್ಟಲು ಹಾಕಿ ಕಾದಿದ್ದರು. ನೀನು ನಿಯಮ ಎಂದು ಊಟ ಮುಟ್ಟದೆ ಎದ್ದೆ. ನನ್ನ ಮನೆಯ ಅನ್ನ ಬೇಡದವಳು ಇನ್ನು ಈ ಮೆಟ್ಟಿಲು ಹತ್ತುವುದು ಬೇಡ ಎಂದು ಅಪ್ಪ ಕಿರುಚಿದರು. ನೀನು ಅಳುತ್ತ ನಾವಿಬ್ಬರೂ ಇದ್ದ ಮೂಡುಬಿದಿರೆಯ ಬಾಡಿಗೆ ಮನೆಗೆ ಬಂದೆ.

ಆಮೇಲೆ ಅವರು ಹಾಸಿಗೆ ಹಿಡಿದರು. ಮೂಡುಬಿದಿರೆಯ ಆಸ್ಪತ್ರೆಗೆ ತಂದಾಗ ಅಣ್ಣ ಅಂಗಡಿಗೇ ಬಂದು ಕರೆದ. ಸಭೆಯಲ್ಲಿ ಕೇಳಿದೆ — ಹಿರಿಯಳಾದ್ದರಿಂದ ನನಗೆ ಒಪ್ಪಿಗೆ ಸಿಕ್ಕಿತು, ನಿನಗೆ ಇಲ್ಲ. ಬೆಳಗ್ಗಿನಿಂದ ಅಪ್ಪನ ಕಾಲ ಬಳಿ ಕೂತಿದ್ದೆ. ಬಾಯಿ ಒರೆಸಿದೆ, ನೀರು ಕುಡಿಸಿದೆ. ಮಧ್ಯಾಹ್ನ ಅವರು ಕಣ್ಣು ಬಿಟ್ಟರು.

"ಜಯ ಬತ್ತಲಾ?"

ಜಯ ಬಂದಳಾ ಎಂದು. ನಾನಿದ್ದೇನೆ ಅಪ್ಪ ಎಂದೆ. ನನ್ನನ್ನು ನೋಡಿದರು, ಗುರುತು ಚೆನ್ನಾಗಿಯೇ ಸಿಕ್ಕಿತು. ಮತ್ತೆ ಅದನ್ನೇ ಕೇಳಿದರು. ಆಮೇಲೆ ನನ್ನ ಕೈ ಹಿಡಿದು, ನಾನು ಬೈದದ್ದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಬೇಡ, ಬಂದು ಒಂದು ತುತ್ತು ಉಂಡು ಹೋಗಲಿ ಎಂದು ಹೇಳು ಎಂದರು.

ಸಂಜೆ ನಾನು ಮನೆಗೆ ಬಂದಾಗ ನೀನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಸಭೆಯವರು ಹೊರಗೆ ಹಾಕಿದರೂ ಹಾಕಲಿ, ನಾನು ಹೋಗುತ್ತೇನೆ ಎನ್ನುವುದು ನಿನ್ನ ಮುಖದಲ್ಲೇ ಇತ್ತು. ನೀನು ಒಂದೇ ಒಂದು ಮಾತು ಕೇಳಿದೆ.

"ಅಪ್ಪ ನನ್ನನ್ನು ಕೇಳಿದ್ರಾ?"

"ಇಲ್ಲ. ನಿನ್ನ ಹೆಸರೇ ಎತ್ತಲಿಲ್ಲ."

ನೀನು ಅಲ್ಲೇ ಕೂತು ಚಪ್ಪಲಿ ಕಳಚಿದೆ. ಬೆಳಗಾಗುವುದರೊಳಗೆ ಅಪ್ಪ ಹೋಗಿಯಾಗಿತ್ತು.

ಹೀಗೆ ಹೇಳು ಎಂದು ದೊಡ್ಡವರು ಹೇಳಿರಲಿಲ್ಲ. ಸಭೆಯ ಯಾವ ನಿಯಮದಲ್ಲಿಯೂ ಆ ಮಾತು ಇರಲಿಲ್ಲ. ನೀನು ಹೋದರೆ ನನ್ನ ಮುಂದಿನ ಸಾಲು ಹೋಗುತ್ತದೆ ಎಂಬ ಲೆಕ್ಕ ಇತ್ತು, ಹೌದು. ಆದರೆ ಅದಕ್ಕಿಂತ — ಹೇಗೆ ಹೇಳಲಿ — ಇಡೀ ದಿನ ಕಾಲ ಬಳಿ ಕೂತವಳು ನಾನು, ಕೇಳಿದ್ದು ನಿನ್ನನ್ನು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ನಿನ್ನ ಜಡೆ ಹಾಕಿದವಳೂ ನಾನೇ, ಅಪ್ಪನಿಗೆ ಕಣ್ಣು ಮಾತ್ರ ನೀನು. ಹೊಟ್ಟೆಕಿಚ್ಚು, ಜಯಾ. ಸಾಯುವ ಅಪ್ಪನ ಮೇಲೆ, ನನ್ನ ಮಡಿಲಲ್ಲಿ ಬೆಳೆದ ನಿನ್ನ ಮೇಲೆ. ಸಭೆ ನನಗೆ ಆ ಕಿಚ್ಚನ್ನು ಭಕ್ತಿ ಎಂದು ಕರೆಯುವ ಅನುಕೂಲ ಮಾಡಿಕೊಟ್ಟಿತು, ಅಷ್ಟೆ.

ಮುಂದಿನದು ನಿನಗೆ ಗೊತ್ತಿದ್ದದ್ದೇ. ಒಂದು ದಿನ ಆ ಕಟ್ಟಡಕ್ಕೆ ಬೀಗ ಬಿತ್ತು, ದೊಡ್ಡವರು ಎಲ್ಲಿ ಹೋದರೆಂದು ಯಾರಿಗೂ ತಿಳಿಯಲಿಲ್ಲ. ನಾವಿಬ್ಬರೂ ಅಳದಂಗಡಿಗೆ ಹೋದೆವು. ಅತ್ತಿಗೆ ಒಂದು ಮಾತೂ ಕೇಳದೆ ಅನ್ನ ಬಡಿಸಿದರು.

ಆದರೆ ಆಟಿ ಬಂದಾಗಲೆಲ್ಲ ಹೀಗೆ ಆಗುತ್ತದೆ. ಒಳಕೋಣೆಯಲ್ಲಿ, ತೀರಿಹೋದವರಿಗೆಲ್ಲ ಎಲೆ ಹಾಕುತ್ತೇವೆ. ಅಪ್ಪನ ಎಲೆಗೆ ಕೋಳಿ, ಕಡುಬು, ಒಣಮೀನಿನ ಚಟ್ನಿ. ಬಡಿಸಿ, ಬನ್ನಿ ಉಣ್ಣಿ ಎಂದು ಕರೆದು, ಬಾಗಿಲು ಹಾಕಿ ಹೊರಗೆ ಕೂರುತ್ತೇವೆ. ಚಟ್ನಿ ಅರೆಯುವವಳು ನೀನು. ಅರೆದು ಬಟ್ಟಲನ್ನು ನನ್ನ ಕೈಗೆ ಕೊಡುತ್ತೀ. ಮೊದಲ ವರ್ಷ ನೀನೇ ಬಡಿಸು ಎಂದು ಅಣ್ಣ ಹೇಳಿದಾಗ ನೀನು ಅಡುಗೆಮನೆಯ ಹೊಸ್ತಿಲಿನಿಂದಲೇ ಹೇಳಿದ್ದೆ: "ಅಕ್ಕನೇ ಬಡಿಸಲಿ. ನಾನು ಬಡಿಸಿದ್ರೆ ಅಪ್ಪ ಮುಟ್ಲಿಕ್ಕಿಲ್ಲ."

ನಾನು ಬಟ್ಟಲು ತೆಗೆದುಕೊಂಡು ಒಳಗೆ ಹೋದೆ. ಪ್ರತಿವರ್ಷ ಹೋದೆ. ನಿನ್ನ ಚಟ್ನಿ ಬಡಿಸಿ, ಬಾಯಿ ತುಂಬ 'ಅಪ್ಪ, ಬನ್ನಿ' ಎಂದು ಕರೆದೆ. ಸತ್ತವರಿಗೆ ಕೇಳಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಸಿದರೆ, ಅವರು ಆ ಎಲೆಯ ಮುಂದೆ ಕೂತು ನನ್ನ ಹಿಂದೆ ಯಾರಿದ್ದಾರೆಂದು ನೋಡಿರಬೇಕು.

ಇದನ್ನು ಆಟಿಯ ದಿನ ಎಲ್ಲರ ಎದುರು ಹೇಳುವ ಎಂದು ಮೊದಲು ಯೋಚಿಸಿದೆ. ಅದೂ ಒಂದು ಕಳ್ಳತನವೇ — ಅಷ್ಟು ಜನರ ಮುಂದೆ ನೀನು ಕ್ಷಮಿಸದೆ ಹೇಗಿರುತ್ತೀ? ಹಾಗಾಗಿ ನಾಳೆ ಅಂಗಡಿ ಮುಚ್ಚಿ, ಬಂಟ್ವಾಳದ ಬಸ್ಸು ಹತ್ತಿ ನಿನ್ನ ಮನೆಗೆ ಬರುತ್ತೇನೆ. ಇಲ್ಲಿ ಒಬ್ಬಳೇ ಕೂತು ಹೇಳಿದ್ದನ್ನೆಲ್ಲ ನಿನ್ನ ಬಾಗಿಲ ಹೊರಗೆ ನಿಂತೇ ಹೇಳುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ನನ್ನ ಚಪ್ಪಲಿಯನ್ನು ನೀನು ರಸ್ತೆಗೆ ಎಸೆದರೆ, ಅದನ್ನು ಹಾಕಿಕೊಂಡು ಬಂದ ದಾರಿ ಹಿಡಿಯುತ್ತೇನೆ.

ಆದರೆ ಆಟಿಗೆ ನೀನು ಅಳದಂಗಡಿಗೆ ಹೋಗು. ನನ್ನ ಮೇಲಿನ ಸಿಟ್ಟಿಗೆ ಅದನ್ನು ಬಿಡಬೇಡ. ಬಟ್ಟಲನ್ನು ಯಾರ ಕೈಗೂ ಕೊಡಬೇಡ, ನೀನೇ ಒಳಗೆ ಹೋಗಿ ಬಡಿಸು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿರುತ್ತೇನೆ, ನೀನು ನಿಂತಿದ್ದ ಜಾಗದಲ್ಲಿ.